ಇಮೇಲ್ ವಿಳಾಸದ 'ಟ್ರಾನ್ಸ್‌ಲೇಶನ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

1980ರ ದಶಕದ ಮೇಲ್ ಜಾಲಗಳ ಬಗ್ಗೆ ಬರೆಯುತ್ತಿದ್ದೇನೆ. ಆಗ ಜಾಲಕ್ಕೊಂದು ಥರದ ವಿಳಾಸ. ಪತ್ರ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಎರಡನ್ನೂ ಬೆಸೆಯುವ ನಡುವಿನ ಯಂತ್ರ, ಅಂದರೆ ಗೇಟ್‌ವೇ, ವಿಳಾಸವನ್ನು 'ಟ್ರಾನ್ಸ್‌ಲೇಟ್' ಮಾಡುತ್ತಿತ್ತು. ಇದಕ್ಕೆ 'ಅನುವಾದ' ಹೊಂದುವುದಿಲ್ಲ. 'ವಿಳಾಸ ಬದಲಾವಣೆ' ಅಂದರೆ ಯಾರೋ ಮನೆ ಖಾಲಿ ಮಾಡಿದ ಹಾಗೆ ಕೇಳುತ್ತದೆ.

ಅಸಲಿಗೆ ಇಲ್ಲಿರುವುದು ಎರಡು ಕೆಲಸ. ಒಂದು, ಬರೆಯುವ ರೀತಿಯನ್ನಷ್ಟೇ ಬದಲಿಸುವುದು. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಜಾಲವಾದ ಜಾನೆಟ್‌ನಲ್ಲಿ ದೊಡ್ಡದು ಮೊದಲು: ಯುಕೆ (ದೇಶ), ಎಸಿ (ಶಿಕ್ಷಣ ವಲಯ), ಆಮೇಲೆ ವಿಶ್ವವಿದ್ಯಾಲಯ. ಇಂಟರ್ನೆಟ್‌ನಲ್ಲಿ ಇದು ಉಲ್ಟಾ. ಹಾಗೆ ನೋಡಿದರೆ 'ಸಾಗರ ತಾಲ್ಲೂಕಿನ ಕೆಳದಿಯ ರವಿ' ಅನ್ನುವ ನಮಗೆ ಜಾನೆಟ್ಟೇ ಹತ್ತಿರ, ಅಲ್ವಾ? ಕಂಪ್ಯೂಟರ್ ಸೈನ್ಸ್ ವಿಭಾಗದ 'ಸಿಎಸ್' ಅಲ್ಲಿ ಕೊನೆಗೆ ಬರುತ್ತಿತ್ತು. ಇಂಟರ್ನೆಟ್‌ನಲ್ಲಿ ಕೊನೆಯ 'ಸಿಎಸ್' ಅಂದರೆ ಆಗಿನ ಚೆಕೊಸ್ಲೊವಾಕಿಯಾ ದೇಶ ಅಂತಿತ್ತು. ಫಜೀತಿ ಬೇರೆ ಹೇಳಬೇಕೆ! ಕಾಂಪ್ಯುಸರ್ವ್ ಎಂಬ ಅಮೆರಿಕದ ಆನ್‌ಲೈನ್ ಸೇವೆಯಲ್ಲಿ ವಿಳಾಸವಾಗಿದ್ದ ನಂಬರಿನ ನಡುವಿನ ಕಾಮಾವನ್ನು ಚುಕ್ಕಿ ಮಾಡುತ್ತಿದ್ದದ್ದೂ ಇದೇ ಕೆಲಸ.

ಎರಡನೆಯದು ದಾರಿಯ ವಿಚಾರ. ಬೆಟ್ಟ, ಹೊಳೆ ಎರಡು ಯಂತ್ರಗಳ ಹೆಸರು ಅಂದುಕೊಳ್ಳಿ. ಯುನಿಕ್ಸ್ ಯಂತ್ರಗಳ ಜಾಲವಾದ ಯುಯುಸಿಪಿಯಲ್ಲಿ ಬೆಟ್ಟ!ಹೊಳೆ!ರವಿ ಅಂತ ಬರೆದರೆ, ಬೆಟ್ಟಕ್ಕೆ ಹೋಗು, ಅಲ್ಲಿಂದ ಹೊಳೆಗೆ, ಅಲ್ಲಿ ರವಿ ಸಿಗುತ್ತಾನೆ ಅಂತ. ಅರಳಿಕಟ್ಟೆ ದಾಟಿ ಎಡಕ್ಕೆ ತಿರುಗಿ ಅಂದಂತೆ. ಇನ್ನು ಹೊಳೆ!ರವಿ@ಬೆಟ್ಟ ಅಂತ ಬಂದರೆ? ಇಂಟರ್ನೆಟ್ ಯಂತ್ರ ಮೊದಲು ಬೆಟ್ಟಕ್ಕೆ ಕಳಿಸುತ್ತದೆ, ಯುಯುಸಿಪಿ ಯಂತ್ರ ಮೊದಲು ಹೊಳೆಗೆ. ಬಿಟ್‌ನೆಟ್ ಎಂಬ ಇನ್ನೊಂದು ವಿಶ್ವವಿದ್ಯಾಲಯ ಜಾಲದವರಿಗೆ ರವಿ%ಹೊಳೆ.ಬಿಟ್‌ನೆಟ್@ಬೆಟ್ಟ ಅಂತ ಬರೆಯುತ್ತಿದ್ದರು. ಬೆಟ್ಟದ ಗೇಟ್‌ವೇ ತನ್ನ ಹೆಸರು ಕಿತ್ತುಹಾಕಿ, % ಇದ್ದಲ್ಲಿ @ ಇಟ್ಟು ಮುಂದೆ ಕಳಿಸುತ್ತಿತ್ತು. ನಮ್ಮ ಕಾಗದದ ಮೇಲಿನ 'ಕೇರ್ ಆಫ್' ಇದೇ ತಾನೆ?

ಬರ್ಕ್ಲಿಯ ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್ ಎಂಬ ಮೇಲ್ ಸಾಗಿಸುವ ಪ್ರೋಗ್ರಾಂ ಈ ಎರಡನ್ನೂ ಒಂದೇ ಫೈಲಿನ ನಿಯಮಗಳಿಂದ ಮಾಡುತ್ತಿತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ನಡೆದದ್ದು ಬಹುಶಃ ಅದಕ್ಕೇ. ನಾವೂ ಸುಮ್ನೆ ಒಂದಕ್ಕೇ ಕಟ್ಟುಬೀಳಬೇಕಿಲ್ಲ.

ಎರಡನೆಯದಕ್ಕೆ 'ದಾರಿಗೆ ಹಚ್ಚು' ನನಗೆ ತುಂಬ ಹಿಡಿಸಿದೆ. 'ಪತ್ರವನ್ನು ಬಿಟ್‌ನೆಟ್ ದಾರಿಗೆ ಹಚ್ಚಿತು.' ಮೈಸೂರು ಕಡೆಯವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆಯೇ? ಮೊದಲನೆಯದಕ್ಕೆ 'ಮರುಬರಹ' ಇಟ್ಟುಕೊಂಡಿದ್ದೇನೆ. ಆದರೆ ಅದು ಕತೆ ತಿದ್ದಿ ಬರೆದಂತೆ ಕೇಳುತ್ತದೆ. ಬೇರೆ ಪದ ಹೊಳೆದರೆ ತಿಳಿಸಿ.