ಪದ ಬೇಕಾಗಿದೆ: ‘ಅಲವದ’ ಅಂದರೆ ಹಾಸ್ಯಗಾರನೋ, ತಮಾಷೆಯವನೋ?

ಸ್ನೇಹಿತರೇ,

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಎರಡು ವಾರ ಆಯಿತು. ನೈಜೀರಿಯಾದ ಯೊರುಬಾ ಭಾಷೆಯ ಹಳೆಯ ನಟ ಮೋಸೆಸ್ ಒಲೈಯಾ ಅದೆಜುಮೊ ಅವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. (ಒಲೈಯಾ ಅಂತ ಕೇಳಿದರೆ ನಮ್ಮ ಕಡೆಯ ಯಾರೋ ಅಯ್ಯನ ಹೆಸರೇ ಅನ್ನಿಸುತ್ತದೆ, ಅಲ್ವಾ?) ಹುಟ್ಟಿದ್ದು 1936ರಲ್ಲಿ, ಹೋಗಿದ್ದು 2018ರ ಅಕ್ಟೋಬರ್‌ನಲ್ಲಿ. ಇಲೆಶಾ ಊರಿನ ಕಡೆಯವರು. ಆದರೆ ಅಲ್ಲಿ ಯಾರೂ ಅವರನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಬಾಬಾ ಸಾಲಾ. ಅವರ ತಂಡದ ಹೆಸರು ಅಲವದ. ನನ್ನ ತೊಂದರೆ ಶುರುವಾಗಿದ್ದು ಇಲ್ಲಿಂದಲೇ.

ಮೊದಲು ವೇಷ ಹೇಳಿಬಿಡುತ್ತೇನೆ, ಪದ ಹುಡುಕುವಾಗ ಅದು ಕಣ್ಣ ಮುಂದೆ ಇರಬೇಕು. ಕತ್ತಿನಲ್ಲಿ ಎದೆಯಗಲದ ಬೋ ಟೈ. ಅರ್ಧ ಮುಖ ನುಂಗುವಷ್ಟು ದೊಡ್ಡ ಕನ್ನಡಕದ ಕಟ್ಟು. ಕೈಗಡಿಯಾರ ಇರಬೇಕಾದ ಕಡೆ ಮೇಜಿನ ಮೇಲೆ ಇಡುವ ಅಲಾರಾಂ ಗಡಿಯಾರ. ಪಾತ್ರ ಒಬ್ಬ ಜಂಬದ, ಜಿಪುಣ, ಆಸೆಬುರುಕ ಮುದುಕನದು. ಇನ್ನೊಬ್ಬರಿಗೆ ಟೋಪಿ ಹಾಕಲು ಹೋಗಿ ತಾನೇ ಹಾಕಿಸಿಕೊಳ್ಳುವವನು. ಇಬಾದಾನ್ ಊರಿನಲ್ಲಿ 1959ರಲ್ಲೇ ಟೀವಿ ಶುರುವಾಗಿತ್ತು. ಊರೂರು ಅಲೆದು ಆಡುತ್ತಿದ್ದ ಈ ಮುದುಕ ಮುಂದೆ ಆ ಟೀವಿಯ ಮೂಲಕ ಮನೆಮನೆಗೂ ಹೊಕ್ಕ. ಅದಕ್ಕೂ ಮೊದಲು ಒಲೈಯಾ ಅವರದು ಹಾಡು-ವಾದ್ಯದ ತಂಡ. ಮುಂದೆ ಜಗತ್ತೆಲ್ಲ ಹೆಸರು ಮಾಡಿದ ಸಂಗೀತಗಾರ ಸನ್ನಿ ಅದೆ ಹುಡುಗನಾಗಿದ್ದಾಗ ಅದೇ ತಂಡದಲ್ಲಿದ್ದರು.

ಈಗ ಪದಕ್ಕೆ ಬರೋಣ. ಯೊರುಬಾದಲ್ಲಿ ‘ಅವದ’ ಅಂದರೆ ತಮಾಷೆ, ಕುಚೋದ್ಯ. ಅದರ ಮುಂದೆ ‘ಒನಿ’ ಅನ್ನುವ ತುಣುಕು ಸೇರಿ ‘ಅಲವದ’ ಆಗಿದೆ. ಈ ‘ಒನಿ’ ನನಗೆ ತುಂಬ ಇಷ್ಟವಾಯಿತು. ಪಕ್ಕದ ಸ್ವರ ನೋಡಿ ಬಣ್ಣ ಬದಲಿಸುತ್ತದೆ. ‘ಇಲೆ’ ಅಂದರೆ ಮನೆ, ‘ಒನಿಲೆ’ ಮನೆಯ ಯಜಮಾನ. ‘ಒವೊ’ ಅಂದರೆ ದುಡ್ಡು, ‘ಒಲೊವೊ’ ಸಾಹುಕಾರ. ‘ಎಜ’ ಅಂದರೆ ಮೀನು, ‘ಎಲೆಜ’ ಮೀನು ಮಾರುವವರು. ‘ಅಶೊ’ ಬಟ್ಟೆ, ‘ಅಲಶೊ’ ಬಟ್ಟೆ ವ್ಯಾಪಾರಿ. ಅಂದರೆ ಯಾವುದೋ ಒಂದು ವಸ್ತು ಯಾರ ಹತ್ತಿರ ಇದೆಯೋ, ಅದರಿಂದಲೇ ಅವರ ಗುರುತು.

ನಾನು ಥಟ್ಟನೆ ನಮ್ಮ ‘ಗಾರ’ ಹಚ್ಚಲು ನೋಡಿದೆ. ಹಾಸ್ಯಗಾರ ಸರಿಹೋಯಿತು. ಆದರೆ ಉಳಿದವಕ್ಕೆ ಹೊಂದುವುದಿಲ್ಲ. ಬಳೆಗಾರ ಇದ್ದಾನೆ, ಮೀನುಗಾರ ಇದ್ದಾನೆ, ಆದರೆ ಮೀನುಗಾರ ಮೀನು ಹಿಡಿಯುವವನು, ಮಾರುವವನಲ್ಲ. ದುಡ್ಡಿಗೆ ‘ವಂತ’ ಬೇಕು. ಮನೆಗೆ ಎರಡೂ ಒಗ್ಗುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಕೂಗು ಕೇಳಿ, ಹೆಂಡತಿ “ಹಾಲಿನವನು ಬಂದ” ಅಂದಳು. ಅಯ್ಯೋ, ಇದೇ ಅಲ್ವಾ! ಹಾಲಿನವನು, ಮೀನಿನವಳು, ಬಟ್ಟೆಯವನು, ದುಡ್ಡಿನವರು, ಮನೆಯವರು. ನಮ್ಮ ‘ಅವನು-ಅವಳು-ಅವರು’ ಬಾಲ ಮಾಡುವ ಕೆಲಸವನ್ನೇ ಯೊರುಬಾದ ‘ಒನಿ’ ತಲೆಯ ಕಡೆ ನಿಂತು ಮಾಡುತ್ತದೆ. ಹಾಗಾದರೆ ಅಲವದ ‘ತಮಾಷೆಯವನು’. ವಸ್ತುವಿನ ಬದಲು ತಮಾಷೆ ಹೊತ್ತು ತಂದು ಬಾಗಿಲಲ್ಲಿ ಕೂಗುವವನು. ನನಗಂತೂ ಇದು ಹಿಡಿಸಿದೆ.

ಬೇರೆ ಪದಗಳನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. ‘ವಿದೂಷಕ’ ಅಂದ ಕೂಡಲೇ ಪಕ್ಕದಲ್ಲಿ ಒಬ್ಬ ರಾಜ ಬೇಕು. ಬಾಬಾ ಸಾಲಾ ಯಾರ ಪಕ್ಕದಲ್ಲೂ ನಿಲ್ಲುವವನಲ್ಲ, ನಾಟಕವೇ ಅವನದು. ‘ಕೋಡಂಗಿ’ ಯಕ್ಷಗಾನದಲ್ಲಿ ಕಲಿಯುವ ಹುಡುಗರು ಮೊದಲು ಕಟ್ಟುವ ವೇಷ. ಹೊರಗೆ ಅದು ಬೈಗುಳ. ‘ಜೋಕರ್’ ಇಸ್ಪೀಟಿನದು. ‘ಹಾಸ್ಯನಟ’ ಪತ್ರಿಕೆಯವರ ಮಾತು, ಅದರಲ್ಲಿ ಬೆವರಿನ ವಾಸನೆ ಇಲ್ಲ. ‘ಹಾಸ್ಯಗಾರ’ ಮೇಳದ ಒಳಗೆ ಗೌರವದ ಜಾಗ, ಒಳ್ಳೆಯ ಪದವೇ. ಆದರೆ ಅದು ಮೇಳದ ಹಲವು ವೇಷಗಳಲ್ಲಿ ಒಂದು, ಇಡೀ ತಂಡದ ಹೆಸರಾಗುವುದು ಕಷ್ಟ. ಕಂಪನಿ ನಾಟಕಗಳಲ್ಲಿ ಪೇಟಿ ನುಡಿಸುತ್ತಿದ್ದ ನಮ್ಮ ಸೋದರಮಾವನನ್ನು ಕೇಳಿದೆ. “ಅದಕ್ಕೆಲ್ಲ ಏನ್ ಹೆಸರೋ? ನಗಿಸೋನು ಬಂದ ಅಂತಿದ್ರು, ಅಷ್ಟೇ” ಅಂದರು. ನಗಿಸೋನು! ಇದೂ ಕರಡಿನ ಅಂಚಿನಲ್ಲಿ ಕೂತಿದೆ.

‘ಒನಿ’ ಇರುವ ಇನ್ನೊಂದು ಪದ ‘ಅಲರಿಂಜೊ’. ‘ರಿನ್’ ಅಂದರೆ ನಡೆ, ‘ಜೊ’ ಅಂದರೆ ಕುಣಿ. ಊರಿಂದ ಊರಿಗೆ ನಡೆಯುತ್ತ ಕುಣಿಯುತ್ತ ಹೋಗುವವರು. ಯೊರುಬಾ ಸಿನಿಮಾದ ಹಿರಿಯರೆಲ್ಲ ಹೆಚ್ಚುಕಡಿಮೆ ಈ ದಾರಿಯಲ್ಲೇ ಬಂದವರು. ಪೊಲೀಸ್ ಕೆಲಸ ಬಿಟ್ಟು 1945ರಲ್ಲಿ ತಂಡ ಕಟ್ಟಿದ ಹ್ಯೂಬರ್ಟ್ ಒಗುಂಡೆ ಅವರಿಂದ ಹಿಡಿದು ಒಲೈಯಾ ತನಕ. ಇದಕ್ಕೆ ‘ಸಂಚಾರಿ ರಂಗಭೂಮಿ’ ಅಂತ ಬರೆದು, ಓದಿ, ಹೊಡೆದು ಹಾಕಿದೆ. ‘ತಿರುಗಾಟ’ ಇರುವಾಗ ಅದು ಯಾಕೆ? ದೀಪಾವಳಿಯ ಆಸುಪಾಸು ಹೊರಟು ಪತ್ತನಾಜೆಗೆ (ತುಳುನಾಡಿನಲ್ಲಿ ಮೇ ಕೊನೆಗೆ ಬರುವ ದಿನ) ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳದವರಿಗೆ ಈ ಪದದ ಧೂಳು, ದಣಿವು ಎಲ್ಲ ಗೊತ್ತು. ‘ತಿರುಗಾಟದ ತಂಡ’ ಅಂತ ಬರೆದಿದ್ದೇನೆ. ಬಯಲುಸೀಮೆಯವರಿಗೆ ಇದು ‘ಸುಮ್ನೆ ತಿರುಗೋದು’ ಅಂತ ಕೇಳಿಸುತ್ತದೆಯಾ? ಹೇಳಿ.

ಈಗ ಹೆಸರಿನ ತಮಾಷೆ. ಯೊರುಬಾದಲ್ಲಿ ಬಾಬಾ ಅಂದರೆ ಅಪ್ಪ, ಇಯಾ ಅಂದರೆ ಅಮ್ಮ. ಮಗುವಿನ ಹೆಸರು ಹಿಡಿದು ಬಾಬಾ ಇಂಥವನು, ಇಯಾ ಇಂಥವಳು ಅಂತ ಕರೆಯುವುದು ಅಲ್ಲಿ ದಿನಬಳಕೆ. ನಮ್ಮಲ್ಲಿ ಗಂಡನ ಹೆಸರು ಹೇಳದ ಹೆಂಗಸರು ‘ಪುಟ್ಟನ ಅಪ್ಪ’ ಅನ್ನುವ ಹಾಗೆ. ಬಾಬಾ ಸಾಲಾ ಅಂದರೆ ‘ಸಾಲಾನ ಅಪ್ಪ’. ಕರಡು ಓದಿದ ಗೆಳೆಯ ಮೊದಲ ಸಾಲಿಗೇ “ಯಾರಪ್ಪ ಇದು, ಸಾಲದ ಅಪ್ಪ?” ಅಂತ ಕೇಳಿದ. ನಗು ಬಂತು. ಆಮೇಲೆ ಬರಲಿಲ್ಲ, ಯಾಕೆಂದರೆ ಮುಂದಿನ ಪುಟದಲ್ಲಿ ಬರುವುದು ಸಾಲದ ಕಥೆಯೇ. ಒಲೈಯಾ ಸಾಲ ಮಾಡಿ 1982ರಲ್ಲಿ ಒಂದು ಸಿನಿಮಾ ತೆಗೆದರು. ನಿರ್ದೇಶಕರು ಒಲಾ ಬಲೊಗುನ್. ಆ ಕಾಲಕ್ಕೆ ಅಲ್ಲಿ ಸಿನಿಮಾ ಅಂದರೂ ತಿರುಗಾಟವೇ. ಪ್ರಿಂಟು, ಪ್ರೊಜೆಕ್ಟರು ಹೊತ್ತುಕೊಂಡು ಊರೂರಿನ ಸಭಾಭವನ, ಶಾಲೆಗಳಲ್ಲಿ ತೋರಿಸಿ ಟಿಕೆಟ್ ದುಡ್ಡು ಎತ್ತಬೇಕು. ಇವರು ಊರು ತಲುಪುವ ಮೊದಲೇ ಕಳ್ಳ ವಿಡಿಯೋ ಕ್ಯಾಸೆಟ್ ಅಲ್ಲಿಗೆ ತಲುಪಿರುತ್ತಿತ್ತು. ಮನೆಯಲ್ಲಿ ನೋಡಿದವರು ಟಿಕೆಟ್ ಯಾಕೆ ಕೊಳ್ಳುತ್ತಾರೆ? ಆ ಹೊಡೆತದಿಂದ ಅವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಆಮೇಲೂ ಸಿನಿಮಾ ಮಾಡಿದರು, ಆದರೆ ಹಳೆಯ ದಿನಗಳು ಬರಲಿಲ್ಲ. ಹೆಸರಿನ ಆಟ ನಾನು ಕಟ್ಟಿದ್ದಲ್ಲ, ಎರಡು ಭಾಷೆ ಸೇರಿ ಕಟ್ಟಿದ್ದು. ಲೇಖನದಲ್ಲಿ ಅದನ್ನು ಎತ್ತಿ ತೋರಿಸಲೋ ಬೇಡವೋ ಅನ್ನುವುದೇ ಸಂಕಟ. ಸತ್ತವರ ಕಷ್ಟಕ್ಕೆ ಶ್ಲೇಷೆ ಹಚ್ಚಿದ ಹಾಗಾಗುತ್ತದೇನೋ.

ಆ ಸಿನಿಮಾದ ಹೆಸರು ಇನ್ನೊಂದು ತಲೆನೋವು. ಇಂಗ್ಲಿಷ್ ಕಾಗುಣಿತ (Orun Mooru) ನೋಡಿ ನಾನು ‘ಒರುನ್ ಮೂರು’ ಅಂತ ಬರೆದಿದ್ದೆ. ಹಾಗಾದರೆ ಒಂದು, ಎರಡು ಎಲ್ಲಿ ಅಂತ ಯಾರಾದರೂ ಕೇಳಿಯಾರು. ಅಲ್ಲಿ ಎರಡು ‘ಒ’ ಬರೆದರೆ ‘ಊ’ ಅಲ್ಲ, ‘ಒ’ವನ್ನೇ ಎಳೆಯಬೇಕು. ಆದ್ದರಿಂದ ‘ಒರುನ್ ಮೋರು’. ಹಾಗೇ ಅಕ್ಷರದ ತಲೆ ಮೇಲಿನ ಗೆರೆಗಳು ದೀರ್ಘವಲ್ಲ, ದನಿ ಏರಿಸು, ಇಳಿಸು ಅನ್ನುವ ಗುರುತು. ಅದಕ್ಕೇ ‘ಅಲವದ’ವನ್ನು ಹ್ರಸ್ವದಲ್ಲಿ ಇಟ್ಟೆ. ಸಾಲಾ ಮಾತ್ರ ರೂಢಿಯಾಗಿದೆ ಅಂತ ಬಿಟ್ಟೆ. ‘ಸಲ’ ಮಾಡಿದರೆ ಇನ್ನೊಂದು ಗೊಂದಲ. ಈ ಏರಿಳಿತ ನಮ್ಮ ಲಿಪಿಗೆ ಸಿಗುವುದೇ ಇಲ್ಲ. ‘ಒರುನ್’ ಅಂತ ಕನ್ನಡದಲ್ಲಿ ಬರೆದರೆ ಕತ್ತೂ ಆದೀತು, ಆಚೆ ಲೋಕವೂ ಆದೀತು.

ಇಲ್ಲಿ ಅದು ಆಚೆ ಲೋಕ. ‘ಸ್ವರ್ಗ’ ಅನ್ನಲು ಮನಸ್ಸಿಲ್ಲ. ಸ್ವರ್ಗ ಅಂದರೆ ಪುಣ್ಯ ಮಾಡಿದವರಿಗೆ ಮಾತ್ರ, ಎದುರಿಗೆ ನರಕ ನಿಂತಿರುತ್ತದೆ. ಒರುನ್ ಹಿರಿಯರು ಇರುವ ಕಡೆ, ಹುಟ್ಟುವವರು ಹೊರಡುವ ಕಡೆಯೂ ಹೌದು. ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವಿಗೆ ಬಾಬಾತುಂಡೆ ಅಂತ ಹೆಸರಿಡುತ್ತಾರೆ. ‘ಅಪ್ಪ ಮರಳಿ ಬಂದ’ ಅಂತ. ಅವರದೊಂದು ಗಾದೆ ಇದೆ: ‘ಅಯೆ ಲೊಜಾ, ಒರುನ್ ನಿಲೆ’. ಈ ಲೋಕ ಸಂತೆ, ಒರುನ್ ಮನೆ. ಹೀಗೆ ಮನೆ ಅನ್ನಿಸಿಕೊಂಡ ಜಾಗವನ್ನೇ ‘ಮೋರು’, ಅಂದರೆ ಬಿಸಿ ಏರಿದೆ, ಅನ್ನುವುದರಲ್ಲಿ ಆ ಹೆಸರಿನ ಚೇಷ್ಟೆ ಇದೆ. ಮೋಸ ಹೋಗಿ ಕೈ ಬರಿದಾದವನು ಸಾಯಲು ನದಿಗೆ ಹಾರುವ ಕಥೆ ಅದು. ಮನೆಗಾದರೂ ಹೋಗೋಣ ಅಂದರೆ ಅಲ್ಲೂ ಸೆಕೆ!

ಕೊನೆಯದೊಂದು, ಇದು ಸಣ್ಣದು. ಯೊರುಬಾದ ‘ಒ’ ಅವನೂ ಹೌದು, ಅವಳೂ ಹೌದು. ಆದರೆ ದೊಡ್ಡವರಿಗೆ ನಮ್ಮ ‘ಅವರು’ ಹಾಗೆಯೇ ಬಹುವಚನ, ‘ವೊನ್’. ಲೇಖನದಲ್ಲಿ ನಟನಿಗೆ ‘ಅವರು’, ಪಾತ್ರಕ್ಕೆ ‘ಅವನು’ ಅಂತ ಇಟ್ಟುಕೊಂಡಿದ್ದೇನೆ. ಮೇಲೆ ಬರೆಯುವಾಗಲೂ ಹಾಗೇ ಮಾಡಿದ್ದೇನೆ, ನೋಡಿ. ಒಂದೇ ಹೆಸರಿಗೆ ಎರಡು ಸರ್ವನಾಮ ಓದುವವರಿಗೆ ತೊಡಕಾಯಿತಾ?

ಸದ್ಯಕ್ಕೆ ಕರಡಿನಲ್ಲಿರುವುದು ಇಷ್ಟು. ತಂಡದ ಹೆಸರು ‘ಅಲವದ’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ತಮಾಷೆಯವರು’ ಅಂತ ಅರ್ಥ ಕೊಡುವುದು. ಬಹುವಚನ ಮಾಡಿದರೆ ಗಂಡು-ಹೆಣ್ಣಿನ ತಕರಾರೂ ತಪ್ಪುತ್ತದೆ. ಸಿನಿಮಾಕ್ಕೆ ‘ಆಚೆ ಲೋಕದಲ್ಲೂ ಸೆಕೆ’. ‘ಸೆಕೆ’ ಮಂಗಳೂರು ಕಡೆಯ ಬೆವರಿನ ಪದ ಅಂತ ಗೆಳೆಯನ ಆಕ್ಷೇಪ. ಧಾರವಾಡ, ಕಲಬುರಗಿ ಕಡೆಯವರು ಇಲ್ಲಿ ಏನು ಹಾಕುತ್ತೀರಿ? ಜಳ ಅನ್ನುತ್ತೀರಾ, ಧಗೆ ಅನ್ನುತ್ತೀರಾ? ಭಾನುವಾರದೊಳಗೆ ಹೇಳಿದರೆ ತಿದ್ದಿ ಕಳಿಸುತ್ತೇನೆ.