ಸ್ಟೀಲ್ ನಾರಲ್ಲಿ ಉಜ್ಜಿದ ಗ್ರಿಲ್ ಮೇಲೆ ಕಿತ್ತಳೆ ಚುಕ್ಕೆ, ಇನ್ನೇನು ಮಾಡೋದು?

ಹಿತ್ತಲಹೊಗೆ

ನಮಸ್ಕಾರ. ನಾವಿರೋದು ಹ್ಯೂಸ್ಟನ್‌ನಲ್ಲಿ. ಹಿತ್ತಲಲ್ಲಿ ನಾಲ್ಕು ಬರ್ನರಿನ ಸ್ಟೇನ್‌ಲೆಸ್ ಸ್ಟೀಲ್ ಗ್ಯಾಸ್ ಗ್ರಿಲ್ ಇದೆ, ತಗೊಂಡು ಮೂರು ವರ್ಷ ಆಯ್ತು. ಪನೀರು, ಜೋಳ ಎಲ್ಲ ನೆಪಕ್ಕೆ, ನಮಗೆ ಅದು ಬೇಕಾಗಿರೋದು ಬದನೆಕಾಯಿ ಸುಡೋದಕ್ಕೆ. ಒಳಗೆ ಇರೋದು ಕರೆಂಟ್ ಒಲೆ, ಅದರ ಮೇಲೆ ಸುಟ್ಟ ಬದನೆಕಾಯಿ ಗೊಜ್ಜು ಆಗೋ ಮಾತಲ್ಲ.

ಕಳೆದ ತಿಂಗಳು ತುಮಕೂರಿಂದ ಅಮ್ಮ ಬಂದಿದ್ದರು. ಗ್ರಿಲ್ ನೋಡಿ "ಥೂ, ಇದರಲ್ಲಿ ಅಡುಗೆ ಮಾಡ್ತೀರೇನೋ" ಅಂದರು. ನಾನು ಆಫೀಸಿಗೆ ಹೋದ ಹೊತ್ತಲ್ಲಿ ಸೋಪು, ಸ್ಟೀಲ್ ನಾರು ಹಿಡ್ಕೊಂಡು ಎರಡು ಗಂಟೆ ಉಜ್ಜಿದ್ದಾರೆ. ಸಂಜೆ ಬಂದು ನೋಡಿದರೆ ಮದುವೆ ಮನೆ ಕೊಳಗದ ಹಾಗೆ ಫಳಫಳ. ಅಮ್ಮ ಊರಿಗೆ ಹೋದರು, ಎರಡು ಮಳೆ ಬಂತು, ಈಗ ಮುಚ್ಚಳದ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಿತ್ತಳೆ ಚುಕ್ಕೆ. ದುಂಡು ದುಂಡಾಗಿ ಗೀರೂ ಬಿದ್ದಿದೆ. ಮುಚ್ಚಳದ ಒಳಗಿಂದ ಕಪ್ಪು ಪೇಂಟ್ ಚಕ್ಕೆ ಏಳ್ತಿದೆ, ಅದು ಬದನೆಕಾಯಿ ಮೇಲೆ ಬೀಳುತ್ತೆ ಅನ್ನೋದು ಬೇರೆ ಚಿಂತೆ. ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯಲ್ಲ ಅಲ್ವಾ? ನನಗೆ ಮೋಸ ಆಯ್ತಾ, ಇಲ್ಲ ಇದನ್ನ ಉಳಿಸಬಹುದಾ?

ತಗಡು ಪೀಣ್ಯ

ಮೊದಲು ಅಮ್ಮನಿಗೆ ಫೋನ್ ಮಾಡಿ ಏನೂ ಹೇಳಬೇಡಿ. ಆ ತುಕ್ಕು ಬಹುಶಃ ಗ್ರಿಲ್‌ದಲ್ಲ, ನಾರಿಂದು.

ನಾನು ಹೋಟೆಲ್ ಕಿಚನ್ನಿಗೆ ಎಸ್‌ಎಸ್ ಟೇಬಲ್, ಸಿಂಕು ಮಾಡೋನು, ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲೇ. ನಮ್ಮ ಶೆಡ್ಡಲ್ಲಿ ಹೊಸ ಹುಡುಗರು ಬಂದಾಗ ಮೊದಲು ಮಾಡೋ ತಪ್ಪು ಇದೇ. ಎಸ್‌ಎಸ್ ಶೀಟ್ ಪಕ್ಕದಲ್ಲಿ ನಿಂತು ಮಾಮೂಲಿ ಕಬ್ಬಿಣ ಗ್ರೈಂಡ್ ಮಾಡ್ತಾರೆ. ಕಿಡಿ ಹಾರಿ ಶೀಟ್ ಮೇಲೆ ಕೂರುತ್ತೆ, ಅವತ್ತು ಏನೂ ಕಾಣಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಶೀಟಿಗೆ ದಡಾರ ಬಂದ ಹಾಗೆ ಕೆಂಪು ಚುಕ್ಕೆ. ಅದಕ್ಕೇ ಎಸ್‌ಎಸ್‌ಗೆ ಗ್ರೈಂಡಿಂಗ್ ವೀಲೇ ಬೇರೆ ಇಟ್ಟಿರ್ತೀವಿ. ನಿಮ್ಮಲ್ಲಿ ಸಿಗೋ ಬೂದು ಬಣ್ಣದ ಮೆತ್ತನೆ ಸ್ಟೀಲ್ ವುಲ್ ಇದೆಯಲ್ಲ, ಅದು ಕಾರ್ಬನ್ ಸ್ಟೀಲ್. ಉಜ್ಜಿದಾಗ ಅದರ ಚೂರುಗಳು ಗೀರಿನೊಳಗೆ ಸಿಕ್ಕಿಕೊಂಡು ಮಳೆಗೆ ತುಕ್ಕು ಹಿಡಿದಿವೆ.

ಇನ್ನು ಸ್ಟೇನ್‌ಲೆಸ್ ಅನ್ನೋದು. ಅದರಲ್ಲಿರೋ ಕ್ರೋಮಿಯಂ ಗಾಳಿ ಸೋಕಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರ ಕಟ್ಟುತ್ತೆ, ಕಾಯೋದು ಆ ಪದರ. ಗೀರಿದರೂ ತಾನೇ ಮತ್ತೆ ಕಟ್ಟಿಕೊಳ್ಳುತ್ತೆ, ಆದರೆ ಜಾಗ ಚೊಕ್ಕಟವಾಗಿರಬೇಕು. ಗ್ರೇಡೂ ಮುಖ್ಯ. 304 ಅಂದರೆ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕ್ಕಲ್. ಕಡಿಮೆ ಬೆಲೆಯ ಗ್ರಿಲ್‌ಗಳಲ್ಲಿ 430 ಹಾಕ್ತಾರೆ, ಅದರಲ್ಲಿ ನಿಕ್ಕಲ್ ಇಲ್ಲವೇ ಇಲ್ಲ ಅನ್ನಬಹುದು. ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಇಟ್ಟು ನೋಡಿ, ಗಟ್ಟಿಯಾಗಿ ಹಿಡಿದರೆ 430. ಹಿಡಿಯಲಿಲ್ಲ ಅಂತ 304ಏ ಅಂತ ಕುಣಿಯಬೇಡಿ, 202 ಅಂತ ಇನ್ನೊಂದಿದೆ, ಅದಕ್ಕೂ ಮ್ಯಾಗ್ನೆಟ್ ಹಿಡಿಯಲ್ಲ, ತುಕ್ಕು ಮಾತ್ರ ಬೇಗ ಬರುತ್ತೆ.

ಈಗ ಮಾಡೋದು ಇಷ್ಟು. ಆಕ್ಸಾಲಿಕ್ ಆಸಿಡ್ ಇರೋ ಪುಡಿ ತನ್ನಿ, ನಿಮ್ಮ ಕಡೆ ಬಾರ್ ಕೀಪರ್ಸ್ ಫ್ರೆಂಡ್ ಅಂತ ಸಿಗುತ್ತೆ. ಗ್ಲೌಸ್ ಹಾಕ್ಕೊಳ್ಳಿ. ಗ್ರಿಲ್ ಪೂರ್ತಿ ತಣ್ಣಗಿರಬೇಕು. ಪುಡಿಗೆ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮೆತ್ತನೆ ಬಟ್ಟೆಯಲ್ಲಿ ಹಚ್ಚಿ ಉಜ್ಜಿ, ಒಂದು ನಿಮಿಷದೊಳಗೆ ತೊಳೆದುಬಿಡಿ. ಹಾಗೇ ಬಿಟ್ಟು ಟೀ ಕುಡಿಯೋಕೆ ಹೋದರೆ ಬಿಳಿ ಕಲೆ ನಿಲ್ಲುತ್ತೆ. ತಗಡನ್ನ ಬೆಳಕಿಗೆ ಓರೆಯಾಗಿ ನೋಡಿದರೆ ಒಂದೇ ಕಡೆಗೆ ಸಣ್ಣ ಗೆರೆಗಳು ಓಡಿರ್ತವೆ, ಉಜ್ಜೋದು ಆ ಗೆರೆ ಗುಂಟ ಮಾತ್ರ. ದುಂಡಗೆ ಉಜ್ಜಿದ ಗೀರು ಪೂರ್ತಿ ಹೋಗಲ್ಲ, ಮಂಕಾಗುತ್ತೆ. ಆಮೇಲೆ ಎರಡು ಸಲ ನೀರು, ಒಣಬಟ್ಟೆ.

ಅಡುಗೆಮನೆ ಅಕ್ಕ

ಇಷ್ಟೆಲ್ಲ ಕೆಮಿಕಲ್ ಯಾಕೆ? ಅರ್ಧ ನಿಂಬೆಹಣ್ಣಿಗೆ ಕಲ್ಲುಪ್ಪು ಹಚ್ಚಿ ಉಜ್ಜಿ. ನಮ್ಮನೆ ದೀಪದ ಕಂಬಗಳೆಲ್ಲ ಹೀಗೇ ಹೊಳೀತವೆ.

ಬಂಗುಡೆ ಭಾವ

ಅಕ್ಕ, ದೀಪದ ಕಂಬ ಹಿತ್ತಾಳೆ, ಅದು ಬೇರೆ. ಸ್ಟೇನ್‌ಲೆಸ್‌ಗೆ ಉಪ್ಪಿನಷ್ಟು ದೊಡ್ಡ ವೈರಿ ಇಲ್ಲ ಮಾರಾಯ್ರೆ. ಸುರತ್ಕಲ್‌ಗೆ ಬಂದು ನಮ್ಮ ಟೆರೇಸ್ ನೋಡಿ. ಸಮುದ್ರಕ್ಕೂ ಮನೆಗೂ ನಡುವೆ ನಾಲ್ಕು ತೆಂಗಿನ ಮರ ಅಷ್ಟೆ. ಎಸ್‌ಎಸ್ ರೇಲಿಂಗ್ ಹಾಕಿಸಿ ಒಂದು ವರ್ಷಕ್ಕೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಯಾರೂ ಉಜ್ಜಿಲ್ಲ, ಗೀರಿಲ್ಲ, ಬರೀ ಗಾಳಿ. ಗಾಳಿಯ ಉಪ್ಪಿನಲ್ಲಿರೋ ಕ್ಲೋರೈಡ್ ಆ ಪದರವನ್ನ ಚುಚ್ಚಿ ಚುಚ್ಚಿ ತೂತು ಮಾಡುತ್ತೆ. ಸಮುದ್ರದ ಹತ್ತಿರ 316 ಹಾಕಿಸಬೇಕು, ಅದರಲ್ಲಿ ಉಪ್ಪನ್ನ ತಡೆಯೋಕೆ 2–3 ಪರ್ಸೆಂಟ್ ಮಾಲಿಬ್ಡಿನಂ ಅನ್ನೋ ಲೋಹ ಇರುತ್ತೆ, ದುಡ್ಡೂ ಜಾಸ್ತಿ. ನಾವು ಹಾಕಿಸಿದ್ದು 304, ಹಾಗಾಗಿ ಪ್ರತಿ ಭಾನುವಾರ ಪೈಪ್ ಹಿಡ್ಕೊಂಡು ಬಾವಿ ನೀರಲ್ಲಿ ತೊಳೆಯೋ ಕರ್ಮ ನನ್ನದು. ಬಂಗುಡೆ ಸುಡೋ ಗ್ರಿಲ್‌ಗೂ ಅದೇ ಸ್ನಾನ. ಸೋಪು ಕೂಡ ಬೇಡ, ಸಿಹಿನೀರು ಬಿಟ್ಟು ಒರೆಸಿದರೆ ಮುಕ್ಕಾಲು ಕೆಲಸ ಆಯಿತು.

ಹ್ಯೂಸ್ಟನ್‌ನವರೇ, ಎರಡು ಪ್ರಶ್ನೆ. ಕವರ್ ಹಾಕುವಾಗ ಗ್ರಿಲ್ ಒದ್ದೆ ಇತ್ತಾ? ಹತ್ತಿರದಲ್ಲಿ ಎಲ್ಲಾದರೂ ಬ್ಲೀಚ್ ಬಳಸಿದ್ದೀರಾ? ಅದೂ ಕ್ಲೋರಿನ್ನೇ. ಟೈಲ್ಸ್ ತೊಳೆಯೋ ಆಸಿಡ್ ಅಂತೂ ಹತ್ತಿರವೂ ಬರಬಾರದು.

ಎಡಿಸನ್ ಇಡ್ಲಿ

ಮುಚ್ಚಳದ ಒಳಗಿನ ಚಕ್ಕೆ ಬಗ್ಗೆ ಯಾರೂ ಹೇಳಲಿಲ್ಲ. ಸ್ಟೀಲ್ ಮುಚ್ಚಳಕ್ಕೆ ಒಳಗೆ ಸಾಮಾನ್ಯವಾಗಿ ಪೇಂಟ್ ಇರೋದೇ ಇಲ್ಲ. ಹೊಗೆ, ಜಿಡ್ಡು ಸೇರಿ ಕರಕಲಾಗಿ ಪದರ ಪದರ ಏಳೋದು, ಹಳೇ ಸೌದೆ ಒಲೆ ಮೇಲಿನ ಇಲ್ಲಣದ ಹಾಗೆ. ಪ್ಲಾಸ್ಟಿಕ್ ಸ್ಕ್ರೇಪರಲ್ಲಿ ಕೆರೆದು ಬಿಸಿ ಸೋಪು ನೀರಲ್ಲಿ ತೊಳೆದರೆ ಸಾಕು. ಓವನ್ ಕ್ಲೀನರ್ ಸಿಂಪಡಿಸಬೇಡಿ, ಅದರಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡ ಇರುತ್ತೆ, ಗ್ರಿಲ್‌ನ ಅಲ್ಯೂಮಿನಿಯಂ ಭಾಗಗಳನ್ನ ತಿಂದುಹಾಕುತ್ತೆ. ಬರ್ನರಿನ ಮೇಲೆ ಬಂಗಾರ, ನೀಲಿ ಬಣ್ಣ ಕಂಡರೆ ಅದು ಕೊಳೆ ಅಲ್ಲ, ಕಾವಿಗೆ ಲೋಹದ ಮೈ ಬಣ್ಣ ಬದಲಾಗಿದೆ ಅಷ್ಟೆ. ನಾನಂತೂ ಬಿಟ್ಟಿದ್ದೇನೆ, ಚೆನ್ನಾಗೇ ಕಾಣುತ್ತೆ.

ಅಡುಗೆ ಇಡೋ ಸರಳುಗಳಿಗೆ ಬೇರೆ ಲೆಕ್ಕ. ಹದಿನೈದು ನಿಮಿಷ ಜೋರು ಉರಿ ಕೊಟ್ಟರೆ ಅಂಟಿದ್ದೆಲ್ಲ ಬೂದಿ. ಆದರೆ ತಂತಿ ಬ್ರಶ್ ಬಿಸಾಕಿ. ಅದರ ಎಳೆ ಉದುರಿ ಊಟದ ಜೊತೆ ಹೊಟ್ಟೆಗೆ ಹೋದ ಆರು ಕೇಸುಗಳನ್ನ ಇಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2012ರಲ್ಲಿ ವರದಿ ಮಾಡಿತ್ತು, ಎಲ್ಲ ರೋಡ್ ಐಲ್ಯಾಂಡಿನವು. ಅದನ್ನ ಓದಿದ ಮೇಲೆ ನಾನು ದೋಸೆ ಕಾವಲಿ ದಾರಿ ಹಿಡಿದೆ. ಅರ್ಧ ಈರುಳ್ಳಿ, ಉದ್ದನೆ ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಬಿಸಿ ಸರಳಿನ ಮೇಲೆ ಎಳೆಯೋದು. ಅಮೆರಿಕನ್ನರೂ ಹೀಗೇ ಮಾಡ್ತಾರೆ, ನನ್ನ ಪಕ್ಕದ ಮನೆಯವನು ತನ್ನ ಅಜ್ಜಿ ಕಂಡುಹಿಡಿದಿದ್ದು ಅಂತ ನನಗೇ ಹೇಳಿಕೊಟ್ಟ!

ಚಳಿಗಾಲ ಮುಗಿದ ಮೇಲೆ ಹಚ್ಚೋ ಮುಂಚೆ ಬರ್ನರ್ ಕೊಳವೆಯೊಳಗೆ ಜೇಡರ ಬಲೆ ಇದೆಯಾ ನೋಡಿ. ಬಲೆ ಕಟ್ಟಿದ್ದರೆ ಉರಿ ಹಳದಿಯಾಗುತ್ತೆ, ಕೆಲವು ಸಲ ಹಿಂದಕ್ಕೇ ಹೊತ್ತಿಕೊಳ್ಳುತ್ತೆ. ಗ್ಯಾಸ್ ಪೈಪಿಗೂ ಸೋಪು ನೀರು ಹಚ್ಚಿ, ಗುಳ್ಳೆ ಎದ್ದರೆ ಲೀಕು.

ಹಿತ್ತಲಹೊಗೆ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಕೂತು ಮಾಡಿದೆ. ಮುಚ್ಚಳಕ್ಕೆ ಮ್ಯಾಗ್ನೆಟ್ ಹಿಡಿಯಲಿಲ್ಲ, ಕೆಳಗಿನ ಬಾಗಿಲು ಮತ್ತು ಪಕ್ಕದ ತಗಡಿಗೆ ಟಪ್ ಅಂತ ಅಂಟಿತು. ಒಂದೇ ಗ್ರಿಲ್‌ನಲ್ಲಿ ಎರಡು ಜಾತಿ! ಮುಚ್ಚಳದ ಚುಕ್ಕೆಗಳು ಪುಡಿ ಹಚ್ಚಿದ ಕೂಡಲೇ ಹೋದವು, ಬಟ್ಟೆಯಲ್ಲಿ ಕೆಂಪು ಬಂತು. ಒಳಗಿನ ಚಕ್ಕೆ ಕೆರೆದಿದ್ದು ಒಂದು ಮೊರ ಆಗೋಷ್ಟು.

ಬಲಗಡೆ ತಗಡಿನದು ಮಾತ್ರ ಹೋಗಲಿಲ್ಲ. ಉಗುರಲ್ಲಿ ಸವರಿದರೆ ಸಣ್ಣ ಸಣ್ಣ ಗುಂಡಿ ಸಿಗುತ್ತೆ. ಭಾವ ಕೇಳಿದ ಮೇಲೆ ನೆನಪಾಯ್ತು, ಮಾರ್ಚಲ್ಲಿ ಹಿತ್ತಲಿನ ಪಾಚಿಗೆ ಬ್ಲೀಚ್ ಸ್ಪ್ರೇ ಮಾಡಿದ್ದು ನಾನೇ, ಆ ಕಡೆ ನಿಂತು. ಅಮ್ಮ ಆ ಬದಿ ಮುಟ್ಟಿಯೇ ಇಲ್ಲ, ಅದು ಪೊದೆ ಪಕ್ಕ ಇದೆ. ರಾತ್ರಿ ವಿಡಿಯೋ ಕಾಲಲ್ಲಿ ಗ್ರಿಲ್ ತೋರಿಸು ಅಂದರು. ತೋರಿಸಿದೆ, ಎಡಗಡೆಯಿಂದ. "ನೋಡು, ನಾನು ಉಜ್ಜಿದ್ದು ಇನ್ನೂ ಹೇಗೆ ಹೊಳೀತಿದೆ" ಅಂದರು. ಹೌದಮ್ಮ ಅಂದೆ.

ತಗಡು ಸಾರ್, ಆ ಗುಂಡಿಗಳಿಗೆ ಏನಾದರೂ ದಾರಿ ಇದೆಯಾ?

ತಗಡು ಪೀಣ್ಯ

ಗುಂಡಿ ತುಂಬೋದಕ್ಕೆ ಆಗಲ್ಲ. ಬಫಿಂಗ್ ಮಾಡಿಸಬಹುದು, ಆ ತಗಡಿಗೆ ಅಷ್ಟು ಖರ್ಚು ದಂಡ. ತುಕ್ಕು ತೆಗೆದು, ತೊಳೆದು ಒಣಗಿಸಿ, ಗ್ರಿಲ್ ತಣ್ಣಗಿದ್ದಾಗ ಹೊರಮೈಗೆ ಒಂದು ತೊಟ್ಟು ಮಿನರಲ್ ಆಯಿಲ್ ತೆಳ್ಳಗೆ ಸವರಿ ಒರೆಸಿ. ಅಡುಗೆ ಎಣ್ಣೆ ಬೇಡ, ಬಿಸಿಗೆ ಅಂಟಂಟಾಗುತ್ತೆ. ಕವರ್ ಪೂರ್ತಿ ಒಣಗಿದ ಮೇಲೇ. ಆ ಬದಿ ಪೊದೆ ಕಡೆಗೇ ಇರಲಿ ಬಿಡಿ, ಮುಂದಿನ ಸಲ ಅಮ್ಮ ಬಂದಾಗಲೂ.