ಸೆಲ್ಫ್ ವಾಟರಿಂಗ್ ಕುಂಡ, ಸಾವಯವ ಮಣ್ಣು: ನೀರಿದ್ದರೂ ಟೊಮ್ಯಾಟೊ ಗಿಡ ಬಾಡುವುದೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ರಾಸಾಯನಿಕ ಗೊಬ್ಬರದ ಹಂಗಿಲ್ಲದೆ ಬಾಲ್ಕನಿಯಲ್ಲಿ ನಾಲ್ಕಾರು ತರಕಾರಿ ಗಿಡಗಳನ್ನು ಬೆಳೆಸಬೇಕೆಂಬ ಆಸೆಯಿಂದ ಎರಡು ತಿಂಗಳ ಹಿಂದೆ ತಳದಲ್ಲಿ ನೀರಿನ ತೊಟ್ಟಿಯಿರುವ ಸೆಲ್ಫ್ ವಾಟರಿಂಗ್ ಕುಂಡಗಳನ್ನು ತಂದು, ಅರ್ಧ ಭಾಗ ತೋಟದ ಮಣ್ಣಿಗೆ ಅರ್ಧ ಭಾಗ ಎರೆಗೊಬ್ಬರ ಬೆರೆಸಿ ತುಂಬಿ, ಟೊಮ್ಯಾಟೊ ಸಸಿಗಳನ್ನು ನೆಟ್ಟಿದ್ದೆ. ತೊಟ್ಟಿ ಒಂದು ದಿನವೂ ಬರಿದಾಗದಂತೆ ನೋಡಿಕೊಂಡಿದ್ದೇನೆ. ಮೊದಲ ಮೂರು ವಾರ ಗಿಡಗಳು ಚೆನ್ನಾಗಿಯೇ ಬೆಳೆದವು. ಈಗ ಬುಡದ ಎಲೆಗಳು ಒಂದೊಂದಾಗಿ ಹಳದಿಗೆ ತಿರುಗುತ್ತಿವೆ. ಬಿಸಿಲೇರುತ್ತಿದ್ದಂತೆ ಗಿಡ ಜೋತುಬೀಳುತ್ತದೆ, ಸಂಜೆಗೆ ಅರೆಬರೆ ಚೇತರಿಸಿಕೊಳ್ಳುತ್ತದೆ. ಬೆರಳಿಟ್ಟು ನೋಡಿದರೆ ಮಣ್ಣು ಒದ್ದೆಯಾಗಿಯೇ ಇದೆ. ನೀರು ತುಂಬುವ ಕೊಳವೆಯ ಬಾಯಿಗೆ ಮೂಗು ತಂದರೆ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ. ನೀರಿಗೂ ಗೊಬ್ಬರಕ್ಕೂ ಕೊರತೆಯಿಲ್ಲದಿರುವಾಗ ಹೀಗಾಗುವುದೇಕೆ? ಇನ್ನಷ್ಟು ಎರೆಗೊಬ್ಬರ ಹಾಕಬೇಕೆ?

ತೋಟಗಾರಿಕೆ ಸಲಹೆಗಾರರ ಉತ್ತರ: ಎರೆಗೊಬ್ಬರವನ್ನು ದಯವಿಟ್ಟು ಇನ್ನು ಹಾಕಬೇಡಿ. ನಿಮ್ಮ ಗಿಡಕ್ಕೆ ಸಿಗದಿರುವುದು ಗಾಳಿ. ಬೇರುಗಳೂ ಉಸಿರಾಡುತ್ತವೆ, ಆ ಉಸಿರಿನ ಬಲದಿಂದಲೇ ನೀರನ್ನೂ ಪೋಷಕಾಂಶಗಳನ್ನೂ ಒಳಗೆ ಎಳೆದುಕೊಳ್ಳುತ್ತವೆ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿಹೋದರೆ ಬೇರು ಉಸಿರುಗಟ್ಟಿ ಕೆಲಸ ನಿಲ್ಲಿಸುತ್ತದೆ, ಆಗ ಕೊರಳಮಟ್ಟ ನೀರಿನಲ್ಲಿ ನಿಂತ ಗಿಡವೂ ಬಾಯಾರಿದಂತೆ ಬಾಡುತ್ತದೆ. ಇದನ್ನು ನೀರಿನ ಕೊರತೆಯೆಂದು ತಿಳಿದು ಇನ್ನಷ್ಟು ನೀರು ಸುರಿಯುವವರು ಬಹಳ ಮಂದಿ.

ಸಾವಯವ ಪದ್ಧತಿಯಲ್ಲಿ ಗಾಳಿಯ ಮಾತು ಇಮ್ಮಡಿ ಮುಖ್ಯವಾಗುತ್ತದೆ. ರಾಸಾಯನಿಕ ಗೊಬ್ಬರವು ನೀರಿನಲ್ಲಿ ಕರಗಿದೊಡನೆ ಬೇರಿಗೆ ನೇರವಾಗಿ ದಕ್ಕುತ್ತದೆ. ಎರೆಗೊಬ್ಬರವಾಗಲಿ ಬೇವಿನ ಹಿಂಡಿಯಾಗಲಿ ಹಾಗಲ್ಲ. ಅದರಲ್ಲಿರುವ ಸಾರಜನಕವನ್ನು ಸೂಕ್ಷ್ಮಜೀವಿಗಳು ಮೊದಲು ಅಮೋನಿಯಂ ರೂಪಕ್ಕೆ ಒಡೆಯಬೇಕು, ಬಳಿಕ ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸಬೇಕು, ಮತ್ತು ಈ ಕೊನೆಯ ಎರಡು ಹಂತಗಳಿಗೆ ಆಮ್ಲಜನಕ ಬೇಕೇ ಬೇಕು. ಗಾಳಿಯಿಲ್ಲದ ಮಣ್ಣಿನಲ್ಲಿ ಕತೆ ತಿರುಗುಮುರುಗಾಗುತ್ತದೆ: ಬೇರೆ ಬ್ಯಾಕ್ಟೀರಿಯಾಗಳು ಇದ್ದ ನೈಟ್ರೇಟನ್ನೇ ಆಮ್ಲಜನಕಕ್ಕಾಗಿ ಒಡೆದು, ಸಾರಜನಕವನ್ನು ಅನಿಲವಾಗಿ ಹಾರಿಬಿಡುತ್ತವೆ. ನಿಮ್ಮ ಗಿಡದ ಬುಡದ ಎಲೆಗಳು ಹಳದಿಯಾಗಿರುವುದು ಇದೇ ಕಾರಣಕ್ಕೆ. ಕೊಳೆತ ಮೊಟ್ಟೆಯ ವಾಸನೆ ಬಂದಿದೆಯೆಂದರೆ ಆಮ್ಲಜನಕ ಮುಗಿದು, ನೈಟ್ರೇಟೂ ಮುಗಿದು, ಸೂಕ್ಷ್ಮಜೀವಿಗಳು ಸಲ್ಫೇಟಿಗೆ ಕೈಹಾಕಿವೆ ಎಂದರ್ಥ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು, ಅದು ಬೇರಿಗೆ ವಿಷ.

ಈಗ ಮಾಡಬೇಕಾದದ್ದು ಇಷ್ಟು. ತೊಟ್ಟಿಯ ನೀರನ್ನು ಪೂರ್ತಿ ಬಸಿದು, ಒಂದು ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಮೆಲ್ಲನೆ ಹೊರತೆಗೆದು ಬೇರನ್ನು ನೋಡಿ. ಆರೋಗ್ಯವಾದ ಬೇರು ಬೆಳ್ಳಗೆ, ಎಳೆದರೆ ಬಿಗಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆದರೆ ಕಂದು ಸಿಪ್ಪೆ ಕೈಗೆ ಬಂದು, ಒಳಗಿನ ತೆಳುವಾದ ನಾರು ಮಾತ್ರ ಗಿಡದಲ್ಲಿ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಬೇರು ಬೆಳ್ಳಗಿದ್ದರೆ ಕೊಳೆತದ್ದನ್ನು ಕತ್ತರಿಸಿ, ಹೊಸ ಮಿಶ್ರಣದಲ್ಲಿ ಮರುನಾಟಿ ಮಾಡಿ, ಮೇಲಿನ ಕೊಂಬೆಗಳನ್ನೂ ಸ್ವಲ್ಪ ಸವರಿ ಕೆಲವು ದಿನ ನೆರಳಿನಲ್ಲಿಡಿ. ಅದಕ್ಕಿಂತ ಕಡಿಮೆಯಿದ್ದರೆ ಆ ಗಿಡಕ್ಕಾಗಿ ಶ್ರಮಪಡುವುದಕ್ಕಿಂತ ಹೊಸ ಸಸಿ ನೆಡುವುದೇ ಮೇಲು.

ಮಿಶ್ರಣದ ವಿಷಯಕ್ಕೆ ಬಂದರೆ, ತೋಟದ ಮಣ್ಣು ಈ ಕುಂಡಕ್ಕೆ ತಕ್ಕದ್ದಲ್ಲ. ನೆಲದಲ್ಲಿ ಎರೆಹುಳುವೂ ಬೇರೂ ಬಿರುಕುಗಳೂ ಅದನ್ನು ಸಡಿಲವಾಗಿಡುತ್ತವೆ, ಕುಂಡದೊಳಗೆ ಅದೇ ಮಣ್ಣು ಎರಡೇ ತಿಂಗಳಲ್ಲಿ ಇಟ್ಟಿಗೆಯಂತೆ ಕುಳಿತುಬಿಡುತ್ತದೆ. ಎರೆಗೊಬ್ಬರವೂ ನುಣುಪಾದ ಪದಾರ್ಥವಾದ್ದರಿಂದ ಅರ್ಧ ಪಾಲು ಹಾಕಿದರೆ ಕೆಸರಾಗುತ್ತದೆ. ನಾನು ಬಳಸುವುದು ನಾಲ್ಕು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೂರು ಪಾಲು ಪರ್ಲೈಟ್ (ಮಿಶ್ರಣವನ್ನು ಸಡಿಲವಾಗಿಡುವ ಹಗುರವಾದ ಬಿಳಿ ಹರಳು), ಎರಡು ಪಾಲು ಜರಡಿ ಹಿಡಿದ ಹಣ್ಣಾದ ಕಾಂಪೋಸ್ಟ್, ಒಂದು ಪಾಲು ಎರೆಗೊಬ್ಬರ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರುವುದುಂಟು, ಆದ್ದರಿಂದ ಅದನ್ನು ನೆನೆಸಿ ಎರಡು ಮೂರು ಬಾರಿ ತೊಳೆದೇ ಬಳಸಬೇಕು. 20 ಲೀಟರ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ, ಅರ್ಧ ಹಿಡಿ ಮೂಳೆ ಪುಡಿ ಸೇರಿಸಿ, ಹದವಾಗಿ ತೇವಗೊಳಿಸಿ, ಎರಡು ಮೂರು ವಾರ ಮುಚ್ಚಿಟ್ಟು ನಡುವೆ ಒಮ್ಮೆ ತಿರುವಿ ಹಾಕಿ. ಹಿಂಡಿ ಕೊಳೆಯುವಾಗ ಬಿಸಿಯೇಳುತ್ತದೆ. ಆ ಬಿಸಿ ಇಳಿಯುವ ಮೊದಲೇ ಸಸಿ ನೆಟ್ಟರೆ ಎಳೆಯ ಬೇರು ಸುಟ್ಟುಹೋಗುತ್ತದೆ. ಹದ ತಿಳಿಯಲು ಒಂದು ಮುಷ್ಟಿ ಮಿಶ್ರಣವನ್ನು ಗಟ್ಟಿಯಾಗಿ ಹಿಂಡಿ: ಬೆರಳ ಸಂದಿನಿಂದ ಎರಡು ಮೂರು ಹನಿಯಷ್ಟೇ ಜಿನುಗಬೇಕು, ಅಂಗೈ ಬಿಚ್ಚಿದಾಗ ಉಂಡೆಯಾಗಿ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು.

ಅದೇ ಸದಸ್ಯರ ಮರುಪ್ರಶ್ನೆ: ತುಂಬ ಉಪಕಾರವಾಯಿತು, ಮೇಡಂ. ಒಂದು ಗಿಡದ ಬೇರು ನೋಡಿದೆ, ತಳದ ಬೇರುಗಳು ನೀವು ಹೇಳಿದಂತೆಯೇ ಸಿಪ್ಪೆ ಬಿಡುತ್ತಿವೆ, ಮೇಲ್ಭಾಗದವು ಬೆಳ್ಳಗಿವೆ. ಆದರೆ ಒಂದು ಅನುಮಾನ ಉಳಿದಿದೆ. ನೀರು ಬಸಿಯಲೆಂದು ನಾನು ಮಣ್ಣಿನ ಕೆಳಗೆ ಎರಡು ಅಂಗುಲ ಜಲ್ಲಿ ಹಾಕಿದ್ದೆ. ಆದರೂ ಹೀಗೇಕಾಯಿತು?

ಉತ್ತರ: ಜಲ್ಲಿ ಹಾಕಿದ್ದರಿಂದಲೇ ಸ್ಥಿತಿ ಇನ್ನಷ್ಟು ಕೆಟ್ಟಿರಬಹುದು. ಪಾತ್ರೆ ತೊಳೆಯುವ ಸ್ಪಂಜೊಂದನ್ನು ಪೂರ್ತಿ ನೆನೆಸಿ, ಅಡ್ಡಡ್ಡವಾಗಿ ಅಂಗೈ ಮೇಲೆ ಹಿಡಿದು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಆಮೇಲೆ ಅದನ್ನು ಉದ್ದುದ್ದವಾಗಿ ನಿಲ್ಲಿಸಿ ಹಿಡಿಯಿರಿ. ಹಿಂಡದೆಯೇ ಮತ್ತಷ್ಟು ನೀರು ಸುರಿಯುತ್ತದೆ. ಸ್ಪಂಜು ಅದೇ, ರಂಧ್ರಗಳೂ ಅವೇ, ಎತ್ತರ ಮಾತ್ರ ಬೇರೆ. ಕುಂಡದ ಮಣ್ಣೂ ಹೀಗೆಯೇ ತನ್ನ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯೊಳಗೆ ಇಳಿಯುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಬೇರಿನ ನಡುವೆ ಕೂರುತ್ತದೆ. ಸಾಮಾನ್ಯ ಕುಂಡದಲ್ಲೂ ಇದು ನಷ್ಟವೇ, ತೊಟ್ಟಿಯ ನೀರನ್ನು ಬತ್ತಿಯ ಮೂಲಕ ಮಣ್ಣಿಗೆ ಏರಿಸುವ ನಿಮ್ಮಂಥ ಕುಂಡದಲ್ಲಂತೂ ಇನ್ನೊಂದು ತೊಡಕಿದೆ: ನೀರು ಮೇಲೇರುವುದು ಸಣ್ಣ ಸಂದುಗಳ ಲೋಮನಾಳ ಕ್ರಿಯೆಯಿಂದ, ಜಲ್ಲಿಯ ದೊಡ್ಡ ಸಂದುಗಳು ಆ ದಾರಿಯನ್ನೇ ಕಡಿಯುತ್ತವೆ.

ಹೊಸದಾಗಿ ತುಂಬುವಾಗ ಮಿಶ್ರಣವು ಬತ್ತಿಯ ಜಾಗಕ್ಕೆ ನೇರವಾಗಿ ತಾಗಬೇಕು, ಅಲ್ಲಿ ಮಾತ್ರ ಸ್ವಲ್ಪ ಒತ್ತಿ ತುಂಬಬೇಕು. ಉಳಿದ ಮಣ್ಣು ನೀರಿಗೆ ತಾಗಬಾರದು, ತೊಟ್ಟಿಯ ನೀರಿನ ಮಟ್ಟಕ್ಕೂ ಮಣ್ಣಿನ ತಳಕ್ಕೂ ನಡುವೆ ಗಾಳಿಯಾಡುವ ತೆರಪಿರಬೇಕು. ಆ ತೆರಪನ್ನು ಕಾಯುವುದು ಕುಂಡದ ಪಕ್ಕದಲ್ಲಿರುವ ಹೆಚ್ಚುವರಿ ನೀರಿನ ತೂತು; ಅದು ಬೇರಿನಿಂದಲೋ ಕಸದಿಂದಲೋ ಮುಚ್ಚಿಹೋದರೆ ಒಂದೇ ಮಳೆಗೆ ಕುಂಡವೆಲ್ಲ ಕೆರೆಯಾಗುತ್ತದೆ. ಸಸಿ ನೆಟ್ಟ ಮೊದಲ ಎರಡು ವಾರ ತೊಟ್ಟಿಯನ್ನು ನಂಬದೆ ಮೇಲಿನಿಂದಲೇ ನೀರು ಹಾಕಿ, ಎಳೆಯ ಬೇರು ಅಷ್ಟು ಬೇಗ ಕೆಳಗಿಳಿಯುವುದಿಲ್ಲ. ಆಮೇಲೂ ತೊಟ್ಟಿ ಖಾಲಿಯಾದೊಡನೆ ತುಂಬುವ ಆತುರ ಬೇಡ. ಒಂದು ದಿನ ಖಾಲಿ ಬಿಟ್ಟು, ಮೇಲಿನ ಎರಡು ಅಂಗುಲ ಒಣಗಿದ್ದನ್ನು ನೋಡಿ ತುಂಬಿದರೆ ಮಣ್ಣಿನೊಳಗೆ ಗಾಳಿ ಹೊಕ್ಕಿರುತ್ತದೆ. ನೀವು ಒಂದು ದಿನವೂ ಬರಿದಾಗದಂತೆ ನೋಡಿಕೊಂಡದ್ದು ಅಕ್ಕರೆಯಿಂದಲೇ, ಆದರೆ ಗಿಡಕ್ಕೆ ಆ ಅಕ್ಕರೆಯೇ ಹೊರೆಯಾಯಿತು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನನ್ನ ಮೆಣಸಿನ ಗಿಡಗಳು ಇಂಥದೇ ಕುಂಡದಲ್ಲಿ ಒಂದು ವರ್ಷದಿಂದ ಇವೆ. ಮಣ್ಣಿನ ಮೇಲೆ ಬಿಳಿಯ ಹೊರಪದರ ಕಟ್ಟಿದೆ, ಎಲೆಯಂಚು ಸುಟ್ಟಂತಾಗಿದೆ. ದ್ರವರೂಪದ ಸಾವಯವ ಗೊಬ್ಬರವನ್ನು ತೊಟ್ಟಿಯ ನೀರಿಗೇ ಬೆರೆಸಿದರೆ ಸರಿಹೋದೀತೇ?

ಉತ್ತರ: ಬೆರೆಸಬೇಡಿ. ವೃತ್ತಿಯ ಆರಂಭದಲ್ಲಿ ನಾನೇ ಆ ತಪ್ಪು ಮಾಡಿದ್ದೆ. ಮೀನಿನ ದ್ರವಗೊಬ್ಬರವನ್ನು ಆರು ಕುಂಡಗಳ ತೊಟ್ಟಿಗೆ ಸುರಿದು ಊರಿಗೆ ಹೋಗಿ, ಐದನೆಯ ದಿನ ಮರಳಿ ಬಂದಾಗ ಮೆಟ್ಟಿಲ ಬಳಿಯೇ ವಾಸನೆ ಎದುರುಗೊಂಡಿತು. ಬತ್ತಿಗಳ ಮೇಲೆ ಬೂದು ಬಣ್ಣದ ಲೋಳೆ ಕಟ್ಟಿ ನೀರು ಏರುವುದೇ ನಿಂತಿತ್ತು. ಸಾವಯವ ದ್ರವವು ನಿಂತ ನೀರಿನಲ್ಲಿ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ತೊಟ್ಟಿಗೆ ಬರಿಯ ನೀರು, ಗೊಬ್ಬರವೇನಿದ್ದರೂ ಮಣ್ಣಿನ ಮೇಲಿನಿಂದ: ಈ ಒಂದು ನಿಯಮವನ್ನು ನಾನು ಆಮೇಲೆ ಮುರಿದಿಲ್ಲ.

ಬಿಳಿಯ ಹೊರಪದರ ಉಪ್ಪು. ಮೇಲಿನಿಂದ ನೀರು ಹಾಕುವ ಕುಂಡದಲ್ಲಿ ಉಪ್ಪು ತಳದಿಂದ ತೊಳೆದುಹೋಗುತ್ತದೆ. ಇಲ್ಲಿ ನೀರು ಸದಾ ಕೆಳಗಿನಿಂದ ಮೇಲಕ್ಕೆ ನಡೆದು, ಮೇಲೆ ಆವಿಯಾಗಿ, ತಾನು ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸಿ ಹೋಗುತ್ತದೆ. ಮೇಲಿನ ಅರ್ಧ ಅಂಗುಲ ಮಣ್ಣನ್ನು ಕೆರೆದು ತೆಗೆಯಿರಿ, ತೊಟ್ಟಿಯ ತಳದ ಮುಚ್ಚಳ ತೆಗೆದಿಟ್ಟು ಕುಂಡದ ಗಾತ್ರದ ಎರಡು ಪಟ್ಟು ಶುದ್ಧ ನೀರನ್ನು ಮೇಲಿನಿಂದ ನಿಧಾನವಾಗಿ ಹಾಯಿಸಿ, ಬಂದ ನೀರನ್ನೆಲ್ಲ ಹೊರಚೆಲ್ಲಿ. ಮುಂದೆ ತಿಂಗಳಿಗೊಮ್ಮೆ ಸಣ್ಣ ಪ್ರಮಾಣದಲ್ಲಿ ಹೀಗೆ ತೊಳೆದು, ಆ ಬಳಿಕ ಬೊಗಸೆಯಷ್ಟು ಎರೆಗೊಬ್ಬರವನ್ನು ಮೇಲೆ ಹರಡಿ ಒಣ ಎಲೆಯ ಹೊದಿಕೆ ಕೊಟ್ಟರೆ ಮೆಣಸಿನ ಗಿಡಕ್ಕೆ ಸಾಕು.

ಇನ್ನೊಬ್ಬರು: ಹೊದಿಕೆ ಕೊಟ್ಟ ಮೇಲೆ ಸಣ್ಣ ಕಪ್ಪು ನೊಣಗಳು ಮಣ್ಣಿನಿಂದ ಏಳತೊಡಗಿವೆ.

ಉತ್ತರ: ಅವು ಫಂಗಸ್ ನ್ಯಾಟ್ ಎಂಬ ನೊಣಗಳು. ದೊಡ್ಡ ಗಿಡಕ್ಕೆ ಅವುಗಳಿಂದ ಹೆಚ್ಚಿನ ಹಾನಿಯಿಲ್ಲ, ಎಳೆ ಸಸಿಯ ಬೇರನ್ನು ಮಾತ್ರ ಮರಿಗಳು ಮೇಯುತ್ತವೆ. ಮೊಟ್ಟೆಯಿಡುವುದು ಒದ್ದೆಯಾದ ಮೇಲ್ಪದರದಲ್ಲಿ, ಆದ್ದರಿಂದ ಹೊದಿಕೆಯನ್ನು ಮೂರು ನಾಲ್ಕು ವಾರ ತೆಗೆದಿಟ್ಟು ಮೇಲ್ಪದರ ಒಣಗಲು ಬಿಡಿ, ಹಳದಿ ಅಂಟುಕಾಗದ ನೆಡಿ. ಹಟ ಹಿಡಿದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿಗೆ ಕಲಸಿ ಮಣ್ಣಿಗೆ ಹಾಕಬಹುದು. ತೊಟ್ಟಿಯಲ್ಲಿ ಸೊಳ್ಳೆ ಮರಿಯಾಗಿದ್ದರೂ ಇದೇ ಮದ್ದು. ಕೊಳವೆಯ ಬಾಯಿಗೂ ಹೆಚ್ಚುವರಿ ನೀರಿನ ತೂತಿಗೂ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಮದ್ದಿನ ಅಗತ್ಯವೇ ಬೀಳುವುದಿಲ್ಲ.

ಮೊದಲ ಸದಸ್ಯರು: ಕೊನೆಯದಾಗಿ ಒಂದು ಪ್ರಶ್ನೆ, ಮೇಡಂ. ಮುಂದಿನ ತಿಂಗಳು ಹತ್ತು ದಿನ ಮನೆಯಲ್ಲಿರುವುದಿಲ್ಲ. ಐದು ಲೀಟರ್ ತೊಟ್ಟಿ ಸಾಲುತ್ತದೆಯೇ?

ಉತ್ತರ: ಮರುನಾಟಿ ಮಾಡಿದ ಗಿಡ ಆ ಹೊತ್ತಿಗೆ ಇನ್ನೂ ಚಿಕ್ಕದಾಗಿದ್ದರೆ ಸಾಲಬಹುದು. ಕಾಯಿ ಕಚ್ಚಿದ ದೊಡ್ಡ ಟೊಮ್ಯಾಟೊ ಗಿಡವು ಬಿಸಿಲಿನ ದಿನ ಎರಡು ಮೂರು ಲೀಟರ್ ಕುಡಿಯುತ್ತದೆ, ಆಗ ಐದು ಲೀಟರ್ ಎರಡೇ ದಿನಕ್ಕೆ ಮುಗಿಯುತ್ತದೆ. ಹೊರಡುವ ಒಂದು ವಾರ ಮೊದಲೇ ತೊಟ್ಟಿ ತುಂಬಿಸಿ, ಎಷ್ಟು ದಿನಕ್ಕೆ ಖಾಲಿಯಾಗುತ್ತದೆಂದು ಎಣಿಸಿ ನೋಡಿ. ನೀರಿನ ಮಟ್ಟ ತೋರಿಸುವ ತೇಲುಕಡ್ಡಿಯನ್ನು ಮಾತ್ರ ನಂಬಬೇಡಿ, ಬೇರು ಸುತ್ತಿಕೊಂಡರೆ ಅದು ಮೇಲೆಯೇ ಸಿಕ್ಕಿಕೊಂಡು ನಿಲ್ಲುತ್ತದೆ. ಕೊಳವೆಯೊಳಗೆ ಒಣ ಕಡ್ಡಿ ಇಳಿಸಿ ಅಳೆಯಿರಿ. ಲೆಕ್ಕ ಹತ್ತು ದಿನಕ್ಕೆ ಮುಟ್ಟದಿದ್ದರೆ ನೆರೆಯವರಿಗೆ ಹೇಳಿಹೋಗಿ. ಒಂದು ವೇಳೆ ಮಿಶ್ರಣ ಪೂರ್ತಿ ಒಣಗಿಹೋಗಿದ್ದರೆ ತೊಟ್ಟಿ ತುಂಬಿಸಿದರೂ ನೀರು ಏರುವುದಿಲ್ಲ, ಏಕೆಂದರೆ ಬತ್ತಿಯಿಂದ ಮಣ್ಣಿಗೆ ಹೋಗುವ ನೀರಿನ ಎಳೆ ತುಂಡಾಗಿರುತ್ತದೆ. ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ, ಅರ್ಧ ಗಂಟೆ ಬಿಟ್ಟು ಮೂರು ಸಲ ನೀರು ಹಾಕಿ ಆ ಎಳೆಯನ್ನು ಕೂಡಿಸಿದ ಮೇಲೆಯೇ ತೊಟ್ಟಿಗೆ ನೀರು ತುಂಬಿಸಿ.